ಎಲೆಬಳ್ಳಿಯ ಬುಡಕ್ಕೆ ಬಿದ್ದ ಹಾಲು

ಸವಣೂರಿನ ವೀಳ್ಯದ ಎಲೆತೋಟದೊಳಗೆ ಹೋಗುವವರು ಚಪ್ಪಲಿಯನ್ನು ಬೇಲಿಯ ಹೊರಗೇ ಬಿಡುತ್ತಾರೆ. ಬಾವಿಯ ಹತ್ತಿರ ಕಾಲು ತೊಳೆದು, ಮೊದಲ ಬಳ್ಳಿಗೆ ಕೈಮುಗಿದು ಒಳಗೆ ಕಾಲಿಡುತ್ತಾರೆ. ಹೊರಗೆ ಎಂಥ ಬಿಸಿಲಿದ್ದರೂ ಅಲ್ಲಿ ಗರ್ಭಗುಡಿಯ ತಂಪು. ಚೊಗಚೆ, ನುಗ್ಗೆ ಗಿಡಗಳನ್ನು ಸಾಲಾಗಿ ನೆಟ್ಟು ಅವುಗಳ ಮೈಗೆ ಬಳ್ಳಿ ಹಬ್ಬಿಸಿರುತ್ತಾರೆ. ನೆಲಕ್ಕೆ ಇಳಿಯುವ ಬೆಳಕು ಕೂಡ ಹಸಿರಾಗಿಯೇ ಇಳಿಯುತ್ತದೆ. ಗಟ್ಟಿ ದನಿಯಲ್ಲಿ ಯಾರೂ ಮಾತಾಡುವುದಿಲ್ಲ. ನಾನು ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ಒಮ್ಮೆ ಆ ತೋಟಕ್ಕೆ ಹೋಗಿ, ಯಾರೂ ಹೇಳದಿದ್ದರೂ ತಲೆ ಮೇಲೆ ಸೆರಗು ಹೊದ್ದುಕೊಂಡಿದ್ದೆ. ಅವತ್ತು ನನ್ನನ್ನು ಕರೆದುಕೊಂಡು ಹೋದವಳು ಶೇಖವ್ವ.

ಶೇಖವ್ವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಮಹಾಲಿಂಗಪ್ಪನವರ ತೋಟದಲ್ಲಿ ಅವಳು ಎಲೆ ಬಿಡಿಸುವವಳು. ಬಲಗೈ ಹೆಬ್ಬೆರಳಿಗೆ ಕಬ್ಬಿಣದ ಉಗುರು ಹಾಕಿಕೊಂಡು ಅವಳು ಎಲೆ ಕೊಯ್ಯುವುದನ್ನು ನೋಡಬೇಕಿತ್ತು. ಎಲೆ ಅವಳ ಕೈಗೆ ಬಂದರೂ ಬಳ್ಳಿ ಅಲುಗುತ್ತಿರಲಿಲ್ಲ. ಬಿಡಿಸುವ ಹೆಂಗಸರಿಗೆ ಒಬ್ಬೊಬ್ಬರಿಗೆ ಇಷ್ಟಿಷ್ಟು ಸಾಲು ಎಂದು ಗೊತ್ತು ಮಾಡಿರುತ್ತಾರೆ. ಬಳ್ಳಿ ಕೈಗುರುತು ಹಿಡಿಯುತ್ತದೆ, ಕೈ ಬದಲಾದರೆ ಮುನಿಯುತ್ತದೆ ಎಂದು ಅಲ್ಲಿಯವರ ನಂಬಿಕೆ. ಅದಕ್ಕೇ ಒಮ್ಮೆ ಬೇರೆಯವಳ ಕೈಗೆ ಹೋದ ಸಾಲು ತಿರುಗಿ ಬರುವುದಿಲ್ಲ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಮೂರ್ನಾಲ್ಕು ವರ್ಷವಾಗಿದ್ದ ಕಾಲ. ಎರಡು ಕೂಸು ಉಳಿಯದೆ ಹೋದ ಮೇಲೆ ಶೇಖವ್ವನಿಗೆ ಮೂರನೆಯದು ಉಳಿಯಿತು. ಹೆಣ್ಣು ಮಗು, ಮಂಜವ್ವ ಎಂದು ಹೆಸರಿಟ್ಟರು. ತೋಟದಲ್ಲಿ ಒಂದು ನೇಮವಿತ್ತು. ಮೊಲೆಯೂಡುವ ತಾಯಿ ಒಳಗೆ ಕಾಲಿಡಬಾರದು. ತಾಯಿಯ ಹಾಲು ಬಳ್ಳಿಯ ಬುಡಕ್ಕೆ ಬಿದ್ದರೆ ಬಳ್ಳಿ ಕೊಳೆಯುತ್ತದೆ ಎಂದು ಮಹಾಲಿಂಗಪ್ಪನವರ ತಂದೆ ಹೇಳಿ ಹೋಗಿದ್ದರು. ಮಹಾಲಿಂಗಪ್ಪನವರು ಕೆಟ್ಟವರಲ್ಲ. ಶ್ರಾವಣದಲ್ಲಿ ಓಣಿಯ ಪ್ರತಿ ಮನೆಗೂ ಪೂಜೆಯ ಎಲೆ ಕಳಿಸುತ್ತಿದ್ದವರು. ಆದರೆ ತಂದೆಯ ಮಾತು ಅವರಿಗೆ ದೇವರ ಮಾತಾಗಿತ್ತು.

ಬಾಣಂತಿಯರು ಕೂಸು ತಾನಾಗಿ ಮೊಲೆ ಬಿಡುವವರೆಗೆ ಮನೆಯಲ್ಲಿರುವುದು ರೂಢಿ. ಗಂಡನ ದುಡಿಮೆಯಲ್ಲಿ ಹೇಗೋ ನಡೆಯುತ್ತದೆ. ಶೇಖವ್ವನ ಗಂಡ ಉಳಿವೆಪ್ಪ ಎಲೆಬುಟ್ಟಿಗಳನ್ನು ಗಾಡಿಯಲ್ಲಿ ಹೇರಿಕೊಂಡು ಯಲವಿಗಿ ಸ್ಟೇಶನ್ನಿಗೆ ಮುಟ್ಟಿಸುತ್ತಿದ್ದ. ಆ ಮಳೆಗಾಲದಲ್ಲಿ ಹಳ್ಳ ದಾಟುವಾಗ ಗಾಡಿ ಮಗುಚಿ ಅವನ ಕಾಲು ಮುರಿಯಿತು. ನಾಟಿ ವೈದ್ಯನೊಬ್ಬ ಬಿದಿರು ಪಟ್ಟಿ ಕಟ್ಟಿ ಕಟ್ಟೆಯ ಮೇಲೆ ಮಲಗಿಸಿದ. ಇನ್ನು ಶೇಖವ್ವನೇ ಹೋಗಬೇಕು. ಮಹಾಲಿಂಗಪ್ಪನವರು ಹೇಳಿ ಕಳಿಸಿದರು: "ದಸರಾ ಹೊತ್ತಿಗೆ ಬಾರವಾ. ಅಲ್ಲಿ ಮಟಾ ನಿನ್ನ ಸಾಲಿಗೆ ಬ್ಯಾರೆ ಕೈ ಹಚ್ಚಸಂಗಿಲ್ಲ. ಆದರ ಹಾಲು ಬತ್ತಿರಬೇಕು."

ಮಂಜವ್ವ ಆಗಿನ್ನೂ ಗೋಡೆ ಹಿಡಿದು ನಿಲ್ಲುವುದನ್ನು ಕಲಿಯುತ್ತಿದ್ದಳು. ಮೊಲೆಹಾಲು ಬಿಟ್ಟು ಬೇರೇನನ್ನೂ ಮುಟ್ಟದ ಕೂಸು. ನುಚ್ಚಿನ ಗಂಜಿಯಲ್ಲಿ ಬೆರಳು ಅದ್ದಿ ಬಾಯಿಗಿಟ್ಟರೆ ನಾಲಗೆಯಿಂದ ಹೊರಗೆ ನೂಕುತ್ತಿತ್ತು. ಎರಡು ಕೂಸು ಕಳೆದುಕೊಂಡವಳಿಗೆ, ಹಾಲು ಬಿಡಿಸಿದ ಮೇಲೆ ಇದು ಏನೂ ತಿನ್ನದೆ ಹೋದರೆ ಎನ್ನುವ ಭಯ. ಬಿಡಿಸದಿದ್ದರೆ ಸಾಲು ಹೋಯಿತು.

ಮೊಲೆ ಬಿಡಿಸುವ ಕೆಲಸವನ್ನು ಶೇಖವ್ವನ ಅತ್ತೆ ದುರಗವ್ವ ವಹಿಸಿಕೊಂಡಳು. ಅದೇ ತೋಟದಲ್ಲಿ ಎಲೆ ಬಿಡಿಸಿ ಮುದುಕಿಯಾದವಳು ಅವಳು, ಐದು ಮಕ್ಕಳ ಮೊಲೆ ಬಿಡಿಸಿದವಳು. ಹಿತ್ತಲ ಬೇವಿನ ಎಲೆ ತಂದು ಕಲ್ಲಿನ ಮೇಲೆ ಅರೆಯುತ್ತ ಹೇಳಿದಳು:

"ನೀ ಸುಮ್ನ ಕುಂದ್ರು. ಬೇವಿನ ಮುಂದ ಯಾವ ಕೂಸಿನ ಆಟಾನೂ ನಡಿಯಂಗಿಲ್ಲ."

ನಾನು ಹೊಸ್ತಿಲ ಹತ್ತಿರ ಕುಳಿತಿದ್ದೆ. ಶೇಖವ್ವ ಬೇವು ಸವರಿಕೊಂಡು ಕೂಸನ್ನು ಮಡಿಲಿಗೆ ಎಳೆದುಕೊಂಡಳು. ಕೂಸು ಬಾಯಿ ಹಾಕಿತು. ಮುಖ ಕಿವುಚಿ, ಮೈಯೆಲ್ಲ ನಡುಗಿಸಿ, ತಾಯಿಯ ಮುಖ ನೋಡಿತು. ಆ ನೋಟವನ್ನು ನಾನು ಹೇಗೆ ಬರೆಯಲಿ? ಅದರಲ್ಲಿ ಸಿಟ್ಟಿರಲಿಲ್ಲ. ನಿನಗೇನಾಗಿದೆ ಎಂದು ಕೇಳುವ ಹಾಗಿತ್ತು. ಆಮೇಲೆ ಒಂದಿಷ್ಟು ಅತ್ತು, ಮತ್ತೆ ಬಾಯಿ ಹಾಕಿತು. ಹಸಿರು ಜೊಲ್ಲು ಗದ್ದದ ಮೇಲೆ ಇಳಿಯುತ್ತಿತ್ತು. ಅಳುತ್ತ ಅಳುತ್ತಲೇ ಕಹಿಯನ್ನೆಲ್ಲ ನೆಕ್ಕಿ ಮುಗಿಸಿ, ಹಾಲು ಸಿಕ್ಕ ಮೇಲೆ ಕಣ್ಣು ಮುಚ್ಚಿಕೊಂಡು ಕುಡಿಯಿತು.

ದುರಗವ್ವ ಕೈಯಲ್ಲಿದ್ದ ಬೇವು ಕೆಳಗಿಟ್ಟಳು. "ಯವ್ವಾ! ಇದು ಕೂಸೋ, ಸನ್ಯಾಸಿನೋ!"

ಕಟ್ಟೆಯ ಮೇಲಿಂದ ಉಳಿವೆಪ್ಪ ಕೂಗಿದ: "ನನ್ನ ಮಗಳಲಾ ಅದು! ನಿನ್ನ ಕೈಯಾಗಿನ ಪಲ್ಲೆ ಉಂಡು ಬೆಳದ ಮನಿತಾನ. ಬೇವಿಗೆ ಹೆದರತೈತೇನ?"

"ಕಾಲ ಮುರದರೂ ಬಾಯಿ ಮುರಿಲಿಲ್ಲ ನೋಡು ನಿಂದು" ಎಂದಳು ದುರಗವ್ವ.

ಎಲ್ಲರೂ ನಕ್ಕರು. ಶೇಖವ್ವ ಮಾತ್ರ ನಗಲಿಲ್ಲ. ಕೂಸಿನ ಗದ್ದವನ್ನು ಸೆರಗಿನ ತುದಿಯಿಂದ ಒರೆಸುತ್ತ ಕುಳಿತಿದ್ದಳು.

ಆಮೇಲೆ ತಾಯಿಯ ವಾಸನೆ ಕೂಸಿಗೆ ಬಡಿಯದಿರಲಿ ಎಂದು ಶೇಖವ್ವನನ್ನು ಹಗಲೆಲ್ಲ ನಮ್ಮ ಮನೆಯಲ್ಲಿ ಕೂರಿಸಿದರು. ಅವಳು ನನ್ನ ಜೊತೆ ಜೋಳ ಹಸನು ಮಾಡುವಳು. ಗೋಡೆಯಾಚೆ ಕೂಸು ಅತ್ತರೆ ಅವಳ ಕೈ ಮೊರದ ಮೇಲೆ ನಿಂತುಬಿಡುತ್ತಿತ್ತು. ಕುಬಸದ ಮೇಲೆ ಎರಡು ಒದ್ದೆಯ ಗುರುತು ಮೂಡಿ ಅಗಲವಾಗುತ್ತಿದ್ದವು.

"ನೋಡ್ರಿ ಅಕ್ಕಾರ" ಎನ್ನುವಳು, "ಬ್ಯಾಡ ಅಂತ ನಾನ ಹೇಳಾಕತ್ತೇನಿ. ಮೈ ನಂದ. ಆದ್ರ ನನ್ನ ಮಾತು ಕೇಳವಲ್ದು. ಇದು ಯಾರ ಮಾತು ಕೇಳ್ತೈತ್ರಿ?"

ದೇವರಿಗೆ ದಿನಾ ದೀಪ ಹಚ್ಚುವವಳು ನಾನು. ಆದರೂ ಅಷ್ಟು ಹತ್ತಿರದಿಂದ ಅವನ ಕೆಲಸ ನೋಡಿದ್ದು ಅದೇ ಮೊದಲು.

ಪಕ್ಕದ ಸಾಲಿನಲ್ಲಿ ಎಲೆ ಬಿಡಿಸುವ ಅಡಿವೆವ್ವ ಶೇಖವ್ವನ ಜೀವದ ಗೆಳತಿ. ಅವಳು ದುಂಡು ಮಲ್ಲಿಗೆ ತಂದು, ಎದೆಗೆ ಬಿಗಿಯಾಗಿ ಬಟ್ಟೆಯಲ್ಲಿ ಕಟ್ಟಿದಳು. ಹಾಲು ಬತ್ತುತ್ತದೆ ಎಂದು ಅವಳ ತವರಿನ ಮದ್ದು. "ಗಂಡಗ ಕಾಲ ಮುರದೈತಿ, ನೀ ನೋಡಿದ್ರ ಮಲ್ಲಿಗಿ ಕಟಗೊಂಡು ಘಮಾ ಘಮಾ ಅಂತ ಅಡ್ಡಾಡಾಕತ್ತಿ" ಎಂದು ತಾನೇ ಚೇಷ್ಟೆ ಮಾಡಿದಳು. ಮಲ್ಲಿಗೆ ಬಾಡಿತು, ಹೊಸದು ಬಂತು, ಅದೂ ಬಾಡಿತು. ಹಾಲು ಬತ್ತಲಿಲ್ಲ. ಎದೆ ಕಲ್ಲಾಗಿ ಜ್ವರ ಬಂತು. ಸಂಜೆಗೆ ತಡೆಯಲಾರದೆ ಶೇಖವ್ವ ಮನೆಗೆ ಓಡುವಳು. ಕೂಸು ಗೋಡೆ ಬಿಟ್ಟು ಅವಳ ಮೇಲೆ ಬೀಳುವುದು. ದುರಗವ್ವ ಬೈಯುವಳು. ಮರುದಿನ ಮತ್ತೆ ಮೊದಲಿನಿಂದ.

ಊರಲ್ಲಿ ಹೀಗೆ ಬತ್ತದ ಹಾಲನ್ನು ಯಾರೂ ನೋಡಿರಲಿಲ್ಲ. ಮಹಾನವಮಿ ಹತ್ತಿರವಾಗುತ್ತಿತ್ತು.

ಒಂದು ಸಂಜೆ ಮಜ್ಜಿಗೆ ಕೊಡಲೆಂದು ನಾನು ಅವರ ಮನೆಗೆ ಹೋದೆ. ದುರಗವ್ವ ರೊಟ್ಟಿ ಬಡಿಯುತ್ತಿದ್ದಳು. ಅಡಿವೆವ್ವ ದಿನದಂತೆ ಉಡಿ ತುಂಬ ನುಗ್ಗೆ ಸೊಪ್ಪು ತಂದು ಬಾಗಿಲಲ್ಲಿ ನಿಂತಿದ್ದಳು. ಬಳ್ಳಿಗೆ ಬೆಳಕು ಬೀಳಲೆಂದು ತೋಟದ ನುಗ್ಗೆ ಟೊಂಗೆಗಳನ್ನು ಸವರುತ್ತಾರೆ. ಆ ಸೊಪ್ಪು ಎಲೆ ಬಿಡಿಸುವವರ ಪಾಲು. ಶೇಖವ್ವನ ಮನೆಗೆ ಕಷ್ಟ ಬಂದಾಗಿನಿಂದ ಅಡಿವೆವ್ವ ತನ್ನ ಪಾಲನ್ನೂ ಅಲ್ಲೇ ಸುರಿಯುತ್ತಿದ್ದಳು. ಅವರಿಗೆ ದಿನಾ ಅದೇ ಪಲ್ಲೆ.

ಉಳಿವೆಪ್ಪ ತಾಟು ನೋಡಿ ನಿಟ್ಟುಸಿರು ಬಿಟ್ಟ.

"ಅವ್ವಾ, ಇವತ್ತೂ ನುಗ್ಗಿ ತಪ್ಪಲ ಏನ? ಓಣ್ಯಾಗ ಯಾಕಿ ಹಡದರೂ ಹಾಲು ಬರಲೆಂತ ಇದನ್ನ ಒಯ್ದು ಕೊಡ್ತಿ. ನಂದೂ ಬಾಣಂತನ ಮಾಡಾಕತ್ತಿಯೇನ? ನಾಳೆ ನನಗ ಹಾಲು ಬಂದ್ರ ನಾನ ಕೂಸಿಗೆ ಕುಡಸ್ತೇನಿ ತಗೋ, ಇಕಿ ತ್ವಾಟಕ್ಕ ಹೋಗ್ಲಿ!"

ರೊಟ್ಟಿ ಬಡಿಯುವ ಸದ್ದು ನಿಂತಿತು. ದುರಗವ್ವ ಮಗನ ಮುಖ ನೋಡಿದಳು, ಸೊಸೆಯ ತಾಟು ನೋಡಿದಳು, ಬಾಗಿಲಲ್ಲಿದ್ದ ಅಡಿವೆವ್ವನ ಉಡಿ ನೋಡಿದಳು. ಹಿಟ್ಟಿನ ಕೈಯಿಂದಲೇ ಹಣೆ ಬಡಿದುಕೊಂಡಳು.

"ಅಯ್ಯ ನನ್ನ ಕರ್ಮವೇ! ಮ್ಯಾಲ ಬೇವು ಹಚ್ಚಾಕತ್ತೇನಿ, ಒಳಗ ನುಗ್ಗಿ ತುಂಬಾಕತ್ತೇನಿ!"

ಅಡಿವೆವ್ವ ಉಡಿಯ ಸೊಪ್ಪನ್ನು ಏನು ಮಾಡಬೇಕೋ ತಿಳಿಯದೆ, "ನಾ ಪಾಪ, ಉಣ್ಲಿ ಅಂತ ತಂದ್ನೆವಾ" ಎಂದು ಅಳುವ ದನಿಯಲ್ಲಿ ಅಂದಳು. ಅದನ್ನು ಕೇಳಿ ಶೇಖವ್ವನಿಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ಬಂದ ನಗು, ನಿಲ್ಲಲೇ ಇಲ್ಲ. ಕೂಸು ಅವ್ವನ ಮುಖ ನೋಡಿ ಅದೂ ನಕ್ಕಿತು. ಬಾಣಂತಿಗೆ ಕೊಡುವಾಗ ನುಗ್ಗೆ ಸೊಪ್ಪು ಮದ್ದು, ತಾವು ಉಣ್ಣುವಾಗ ಬರಿ ಪಲ್ಲೆ. ತೋಟದ ಮನೆಯವರಿಗಲ್ಲದೆ ಇಂಥ ಮರೆವು ಇನ್ನಾರಿಗೂ ಬರಲಾರದು. ನಾನು ಮನೆಗೆ ಬಂದು ಆ ಸೊಪ್ಪಿನ ಬಗ್ಗೆಯೇ ಯೋಚಿಸಿದೆ. ಯಾರು ನಗಲಿ, ಯಾರು ಅಳಲಿ, ಅದು ತನಗೆ ಹೇಳಿದ ಕೆಲಸವನ್ನು ಬಿಡದೆ ಮಾಡಿತ್ತು.

ನುಗ್ಗೆ ನಿಂತಿತು. ಮಲ್ಲಿಗೆ ಮಾತ್ರ ನಿಲ್ಲದೆ ನಡೆಯಿತು. ಹಾಲು ನಿಧಾನ ಕಡಿಮೆಯಾಯಿತು. ಹಗಲು ಕೂಸು ಅಜ್ಜಿಯ ಕೈಯಿಂದ ಎರಡು ಬೆರಳು ಗಂಜಿ ನುಂಗುವುದನ್ನು ಕಲಿಯಿತು, ಅಷ್ಟೇ. ವಿಜಯದಶಮಿಯ ಮರುದಿನ ಶೇಖವ್ವ ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ಕಬ್ಬಿಣದ ಉಗುರು ಹಾಕಿಕೊಂಡು ತೋಟಕ್ಕೆ ಹೋದಳು.

ಆಮೇಲೆ ನಡೆದದ್ದನ್ನು ಅವಳೇ ನನಗೆ ಹೇಳಿದಳು. ಹೇಳುವಾಗ ಅವಳ ದನಿ ಗುಡಿಯೊಳಗಿನ ದನಿಯ ಹಾಗಿತ್ತು.

ಕಾಲು ತೊಳೆದು, ಕೈಮುಗಿದು ಒಳಗೆ ಹೋದಳಂತೆ. ಅವಳ ಸಾಲು ಹಾಗೇ ಇತ್ತು. ಬೇರೆ ಕೈ ಮುಟ್ಟದೆ ಎಲೆಗಳು ಅಂಗೈ ಅಗಲ ಬೆಳೆದು ಕಪ್ಪು ಹಸಿರಾಗಿದ್ದವು. ಅವಳು ಬಿಡಿಸತೊಡಗಿದಳು. ಕೈಗೆ ಕೆಲಸ ಮರೆತಿರಲಿಲ್ಲ. ಹೊತ್ತು ಏರಿದಾಗ ಬೇಲಿಯಾಚೆ ಯಾರದೋ ಆಡಿನ ಮರಿ ತಾಯಿಯಿಂದ ಅಗಲಿ ಒಂದೇ ಸಮನೆ ಕೂಗಿತು. ಆಡಿನ ಮರಿ ಎಂದು ಅವಳಿಗೆ ಗೊತ್ತಿತ್ತು. ಮೈಗೆ ಗೊತ್ತಾಗಲಿಲ್ಲ. ಎದೆ ಜುಂ ಅಂದಿತು. ಬಟ್ಟೆ ನೆನೆಯಿತು, ಕುಬಸ ನೆನೆಯಿತು. ಸೆರಗು ಅವುಚಿಕೊಳ್ಳುವಷ್ಟರಲ್ಲಿ ಒಂದು ಹನಿ ಬಳ್ಳಿಯ ಬುಡಕ್ಕೆ ಬಿತ್ತು. ಕರಿ ಮಣ್ಣಿನ ಮೇಲೆ ಬೆಳ್ಳಗೆ ಒಂದು ಗಳಿಗೆ ನಿಂತು, ಇಂಗಿಹೋಯಿತು.

ಯಾರೂ ನೋಡಿರಲಿಲ್ಲ. ಅವಳು ಎಲೆ ಹಿಡಿದುಕೊಂಡೇ ಮಹಾಲಿಂಗಪ್ಪನವರು ಬುಟ್ಟಿ ಕಟ್ಟಿಸುತ್ತಿದ್ದ ಕಡೆ ನಡೆದಳು.

"ಯಜಮಾನ್ರ, ತಪ್ಪಾತ್ರಿ. ನನ್ನ ಹಾಲು ಬಳ್ಳಿ ಬುಡಕ್ಕ ಬಿತ್ರಿ."

ಬುಟ್ಟಿ ಕಟ್ಟುವವರ ಕೈ ನಿಂತವು. ಅಡಿವೆವ್ವ ಹಿಂದಿನಿಂದ ಸೆರಗು ಜಗ್ಗಿ ಪಿಸುಗುಟ್ಟಿದಳು: "ಯಾರು ನೋಡಿದ್ರು ಹುಚ್ಚಿ, ನಿನ್ನ?"

"ಬಳ್ಳಿ ನೋಡ್ತಲಾ" ಎಂದಳು ಶೇಖವ್ವ.

ಮಹಾಲಿಂಗಪ್ಪನವರು ಬೈಯಲಿಲ್ಲ. ಮುಖ ಮಾತ್ರ ಬಿಳಚಿತ್ತು. ಆ ಬಳ್ಳಿಯ ಹತ್ತಿರ ಬಂದು, ಅದರ ಆಸರೆಯ ಗಿಡಕ್ಕೆ ತಮ್ಮ ಹೆಗಲ ಮೇಲಿನ ವಲ್ಲಿಯ ಅಂಚು ಹರಿದು ಕಟ್ಟಿದರು. "ಇದು ಏನ್ ಹೇಳ್ತೈತಿ ನೋಡೂಣು. ಅಲ್ಲಿ ಮಟಾ ನೀ ಮನ್ಯಾಗಿರು. ಬಳ್ಳಿ ಕೊಳೀತಂದ್ರ..." ಎಂದು ಬುಟ್ಟಿಗಳ ಕಡೆ ಹೊರಟರು.

ಶೇಖವ್ವ ಮನೆಗೆ ಬಂದಳು. ಕೂಸು ಅಂಬೆಗಾಲಿಟ್ಟು ಬಂದಿತು. ಅವಳು ದೂಡಲಿಲ್ಲ. ಹಗಲು ಬೆಳಕಿನಲ್ಲೇ, ಅತ್ತೆಯ ಎದುರಿಗೇ ಕುಳಿತು ಮೊಲೆ ಕೊಟ್ಟಳು. ದುರಗವ್ವ ಏನೋ ಹೇಳಲು ಬಾಯಿ ತೆರೆದು, ಹೇಳದೆ ಹಿತ್ತಲಿಗೆ ಹೋದಳು.

ಆ ದಿನಗಳಲ್ಲಿ ನಾನು ಪೂಜೆಗೆ ಕೂತಾಗ ಒಂದು ಎಲೆಬಳ್ಳಿಗಾಗಿ ಬೇಡಿಕೊಂಡೆ. ಮಕ್ಕಳಿಗಾಗಿ ಬೇಡಿದ್ದೆ, ಮಳೆಗಾಗಿ ಬೇಡಿದ್ದೆ; ಬಳ್ಳಿಗಾಗಿ ಬೇಡಿದ್ದು ಅದೊಂದೇ ಸಲ. ಅಡಿವೆವ್ವ ದಿನಾ ಸಂಜೆ ಬಂದು ಸುದ್ದಿ ಹೇಳುವಳು. "ಇವತ್ತೂ ಹಂಗ ಐತಿ." "ಎಲಿ ಬಾಡಿಲ್ಲ." "ಯಜಮಾನ್ರು ಮುಂಜಾನೆದ್ದು ಬುಡಾ ಕೆದರಿ ನೋಡಿದ್ರು, ಏನೂ ಅನ್ಲಿಲ್ಲ."

ದೀಪಾವಳಿ ಪಾಡ್ಯ ಕಳೆದ ಮೇಲೆ ತೋಟದಿಂದ ಕರೆ ಬಂತು. ಶೇಖವ್ವನ ಹಿಂದೆ ದುರಗವ್ವ ಹೊರಟಳು. ದುರಗವ್ವ ಕರೆದಳೆಂದು ನಾನೂ ಹೋದೆ.

ವಲ್ಲಿಯ ಚೂರು ಕಟ್ಟಿದ್ದ ಗಿಡದ ಮುಂದೆ ನಾವೆಲ್ಲ ನಿಂತೆವು. ಬಳ್ಳಿ ಕೊಳೆತಿರಲಿಲ್ಲ. ಪವಾಡದಂತೆ ಹಬ್ಬಿಯೂ ಇರಲಿಲ್ಲ. ಎಡಬಲದ ಬಳ್ಳಿಗಳು ಹೇಗಿದ್ದವೋ ಹಾಗೇ ಇತ್ತು. ತುದಿಯಲ್ಲಿ ಹೊಸದೊಂದು ಎಲೆ, ಇನ್ನೂ ಪೂರಾ ಬಿಚ್ಚದ್ದು, ಬೆಳಕು ಹಾಯುವಷ್ಟು ತೆಳ್ಳಗೆ ಇತ್ತು. ಅದನ್ನು ನೋಡಿ ನನ್ನ ಕಣ್ಣು ತುಂಬಿದವು. ಏನೂ ಆಗದಿರುವುದು ಕೂಡ ಇಷ್ಟು ದೊಡ್ಡದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮಹಾಲಿಂಗಪ್ಪನವರು ಕುಕ್ಕರುಗಾಲಲ್ಲಿ ಕುಳಿತು ಬುಡದ ಮಣ್ಣು ಹಿಡಿದು ಮೂಸಿದರು. "ಅಪ್ಪ ಹೇಳಿದ್ದು ಸುಳ್ಳಾಗಂಗಿಲ್ಲ. ಆದ್ರ ಬಳ್ಳಿ..." ಎಂದು ತಡವರಿಸಿದರು.

ಆಗ ದುರಗವ್ವ ಮುಂದೆ ಬಂದಳು.

"ಎಪ್ಪಾ ಮಾಲಿಂಗಪ್ಪ, ಒಂದ ಮಾತು ಹೇಳ್ಲೇನ? ನಿಮ್ಮಪ್ಪ ಈ ನೇಮ ಹಾಕಿದಾಗ ನಾ ಎರಡನೇದು ಹಡದಿದ್ದೆ. ಹಾಲು ಬತ್ತೈತಿ ಅಂತ ಹೇಳಿ ನಾವೆಲ್ಲಾರೂ ಬರ್ತಿದ್ವಿ. ಮನ್ಯಾಗ ಕುಂತ್ರ ಉಣ್ಣಾಕ ಎಲ್ಲಿಂದ ಬರಬೇಕು? ಬಿದ್ದಾಗ ಕಾಲಿಲೆ ಮಣ್ಣು ಸರಿಸಿ ಮುಂದ ಹೋಗ್ತಿದ್ವಿ. ನಿಮ್ಮವ್ವ ನಮ್ಮ ಜೋಡಿ ಎಲಿ ಬಿಡಸ್ತಿದ್ಲು, ನಿನ್ನ ಮನ್ಯಾಗ ಮಲಗಿಸಿ ಬಂದು. ಆಕಿನೂ ಹಂಗ ಸರಿಸಿದಾಕಿನ. ಈ ತ್ವಾಟ ಎಷ್ಟು ಹಾಲು ಕುಡದೈತಿ ಅನ್ನೋದು ನಿನಗ ಹ್ಯಾಂಗ ಗೊತ್ತಿರಬೇಕು?"

ಶೇಖವ್ವ ಅತ್ತೆಯ ಕಡೆ ತಿರುಗಿದಳು.

"ಮತ್ತ ನನಗ ಯಾಕ ಹೇಳಲಿಲ್ಲ ಅತ್ತೀ?"

"ಹೇಳಿದ್ರ ನೀ ಬಂದು ಇವರಿಗೆ ಹೇಳ್ತಿದ್ದಿ. ನಿನ್ನ ಬಾಯಾಗ ಏನ್ ನಿಲ್ತೈತಿ?"

ಅಡಿವೆವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಮಹಾಲಿಂಗಪ್ಪನವರು ನಗಲಿಲ್ಲ. ಅವರು ಆ ಸಾಲನ್ನು ಉದ್ದಕ್ಕೂ ನೋಡುತ್ತಿದ್ದರು, ತಮ್ಮ ತೋಟವನ್ನು ಆಗಷ್ಟೇ ನೋಡುತ್ತಿರುವವರ ಹಾಗೆ. ಕೈಯಲ್ಲಿದ್ದ ಮಣ್ಣನ್ನು ಕಣ್ಣಿಗೆ ಒತ್ತಿಕೊಂಡು, ಮತ್ತೆ ಅದೇ ಬುಡಕ್ಕೆ ಹಾಕಿದರು.

"ಕೂಸಿನ್ನ ಕರಕೊಂಡ ಬಾರವಾ" ಎಂದರು. "ಬಾವಿ ಹಂತ್ಯಾಕ ಬೇವಿನ ಗಿಡಕ್ಕ ಜೋಲಿ ಕಟ್ಟು. ಹಸದಾಗ ಹೋಗಿ ಕುಡಿಸಿ ಬಾ."

ಮರುದಿನ ಮುಂಜಾನೆ ಬೇವಿನ ಟೊಂಗೆಗೆ ಹಳೇ ಸೀರೆಯ ಜೋಲಿ ಕಟ್ಟಿದರು. ಕಾಯಲು ದುರಗವ್ವ ಕುಳಿತಳು, ಉಡಿಯಲ್ಲಿ ರೊಟ್ಟಿ ಗಂಟು. ನಾನು ಪೂಜೆಯ ಎಲೆ ತರುವ ನೆಪ ಮಾಡಿಕೊಂಡು ಹೋಗಿ ಬಾವಿಕಟ್ಟೆಯ ಮೇಲೆ ಕುಳಿತೆ. ಹೊತ್ತು ನೆತ್ತಿಗೆ ಬಂದಾಗ ಶೇಖವ್ವ ಹೊರಗೆ ಬಂದು ಕೈತೊಳೆದುಕೊಂಡಳು. ಅವಳ ಮುಖದಲ್ಲಿ ಹಬ್ಬವಿತ್ತು. ಬೇವಿನ ನೆರಳಿನಲ್ಲಿ ಕಾಲು ಚಾಚಿ ಕುಳಿತು ಮಗಳನ್ನು ಎತ್ತಿಕೊಂಡಳು. ಇನ್ನು ಮುಚ್ಚಿಡುವುದಿಲ್ಲ, ಬಿಡಿಸುವುದೂ ಇಲ್ಲ.

ಮಂಜವ್ವ ಬಾಯಿ ಹಾಕಿ ಎರಡು ಗುಟುಕು ಕುಡಿಯಿತು. ಆಮೇಲೆ ತಲೆ ಹಿಂದೆ ಮಾಡಿ ತಾಯಿಯ ಮುಖ ನೋಡಿತು. ಬೇವು ಹಚ್ಚಿದ ದಿನ ನೋಡಿದ ಹಾಗೆಯೇ, ಕಣ್ಣಲ್ಲಿ ಕಣ್ಣಿಟ್ಟು. ನಕ್ಕಿತು. ಮಡಿಲಿಂದ ಜಾರಿ, ಅಂಬೆಗಾಲಿಟ್ಟು ಅಜ್ಜಿಯ ಕಡೆ ಹೊರಟಿತು.

"ಯಾಕ? ಯಾಕ ಹೊಂಟಿ?" ಎಂದಳು ಶೇಖವ್ವ. ಎದೆಯ ಮೇಲಿನ ಸೆರಗು ಸರಿಮಾಡುವುದನ್ನೂ ಮರೆತಿದ್ದಳು.

ಕೂಸು ರೊಟ್ಟಿ ಗಂಟಿಗೆ ಕೈ ಹಾಕಿತು. ದುರಗವ್ವ ಒಂದು ಚೂರು ಮುರಿದು ಕೊಟ್ಟಳು. ಅದು ಬಾಯಲ್ಲಿಟ್ಟು ಮೊಳೆತ ಎರಡು ಹಲ್ಲಿನಿಂದ ಕಡಿಯಿತು, ಚೀಪಿತು, ನುಂಗಿತು. ಮತ್ತೊಮ್ಮೆ ಕಡಿಯಿತು. ಬೇವು ಹಚ್ಚಿ, ಮಲ್ಲಿಗೆ ಕಟ್ಟಿ, ಅಗಲಿಸಿ, ಅಳಿಸಿ ಆಗದಿದ್ದ ಕೆಲಸವನ್ನು ಅದು ಯಾರೂ ಕೇಳದಿರುವಾಗ, ಬಾಗಿಲೆಲ್ಲ ತೆರೆದ ದಿನವೇ ಮಾಡುತ್ತಿತ್ತು. ಅದಕ್ಕೆ ಹೊತ್ತಾಯಿತು ಎಂದು ಹೇಳಿದವರಾರು? ನನ್ನ ಕೈ ತಾನಾಗಿ ಮುಗಿದುಕೊಂಡಿತು.

ಶೇಖವ್ವ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯುತ್ತಿರಲಿಲ್ಲ. "ನೋಡ್ರಿ ಅಕ್ಕಾರ" ಎಂದಳು, "ನಾ ಬಿಡಸಲಿಲ್ಲ. ಅದ ಬಿಟ್ಟು ಹೊಂಟ್ತು."

ಕೂಸು ಬೇವಿನ ಬೊಡ್ಡೆ ಹಿಡಿದು ಎದ್ದು ನಿಂತಿತು. ಕೈಯಲ್ಲಿ ಜೊಲ್ಲಿನಿಂದ ನೆನೆದ ರೊಟ್ಟಿಯ ಚೂರು. ಬೊಡ್ಡೆ ಬಿಟ್ಟು, ಎಲ್ಲರೂ ನೋಡುತ್ತಿರಲು, ಏನನ್ನೂ ಹಿಡಿಯದೆ ತಾಯಿಯ ಕಡೆ ಹೆಜ್ಜೆ ಇಟ್ಟಿತು. ಬಂದು ಅವಳ ಹೆಗಲ ಮೇಲೆ ಬಿದ್ದು, ಆ ಚೂರನ್ನು ಅವಳ ಬಾಯಿಗೆ ತುರುಕಿತು.

ಶೇಖವ್ವ ಬಾಯಿ ತೆರೆದು ಅದನ್ನು ತಿಂದಳು.